ಹಳೇ ಜೀಪಿನ ಮುಂದಿನ ಚಕ್ರ ಒದ್ದಾಡುತ್ತಿದೆ: ಡ್ಯಾಂಪರ್ ಹಾಕಿಸಲಾ, ಕಿಂಗ್ ಪಿನ್ ಬಿಚ್ಚಿಸಲಾ?

ಆಲ್ದೂರು ಜೀಪು
ಎಲ್ಲರಿಗೂ ನಮಸ್ಕಾರ. ನಮ್ಮದು ಸಿಜೆ 3ಬಿ, ಅಪ್ಪನ ಕಾಲದ ಜೀಪು. ತೋಟದೊಳಗೆ ಎಷ್ಟು ಓಡಿಸಿದರೂ ತೊಂದರೆ ಇಲ್ಲ. ಚಿಕ್ಕಮಗಳೂರಿನ ಟಾರು ರಸ್ತೆಗೆ ಬಂದು 50 ಕಿ.ಮೀ. ವೇಗ ಮುಟ್ಟಿ ಒಂದು ಸಣ್ಣ ಗುಂಡಿಗೆ ಇಳಿದರೆ ಸಾಕು, ಮುಂದಿನ ಎರಡೂ ಚಕ್ರ ಒದ್ದಾಡೋಕೆ ಶುರು. ಸ್ಟೇರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ. ಗಾಡಿ ಹೆಚ್ಚುಕಡಿಮೆ ನಿಂತ ಮೇಲೇ ಅದು ತಣ್ಣಗಾಗುವುದು.

ಈಚೆಗೆ ಆದ ಕೆಲಸ ಇಷ್ಟು. 6.00-16 ನೈಲಾನ್ ಟೈರ್ ತೆಗೆದು 235/75 ಆರ್15 ರೇಡಿಯಲ್ ಹಾಕಿಸಿದ್ದೇವೆ, ಅಗಲದ ರಿಮ್ ಸಮೇತ. ಮುಂದಿನ ಸ್ಪ್ರಿಂಗ್ ಪ್ಲೇಟ್ ಹೊಸ ಸೆಟ್. ಕಂಪ್ಯೂಟರ್ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಎರಡೂ ಆಯ್ತು. ಏನೂ ಬದಲಾಗಿಲ್ಲ. ಒಬ್ಬ ಮೆಕ್ಯಾನಿಕ್ ಸ್ಟೇರಿಂಗ್ ಡ್ಯಾಂಪರ್ (ನಡುಕ ಹೀರುವ ಶಾಕ್ ಅಬ್ಸಾರ್ಬರ್) ಹಾಕಿಸಿ ಅಂತಾರೆ, ಇನ್ನೊಬ್ಬರು ಕಿಂಗ್ ಪಿನ್ (ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಪಿನ್) ಬೇರಿಂಗ್ ಹೋಗಿದೆ ಅಂತಾರೆ. ಹಣ್ಣು ಕೊಯ್ಲು ಶುರುವಾಗುವ ಮೊದಲು ಸರಿ ಮಾಡಿಸಬೇಕು. ಮೊದಲು ಯಾವುದಕ್ಕೆ ಕೈ ಹಾಕಲಿ?

ಕೊಟ್ಟಿಗೆಹಾರ ಮಂಜು
ಡ್ಯಾಂಪರ್ ಹಾಕಿಸಿ, ಮುಗೀತು. ನಮ್ಮದಕ್ಕೂ ಇದೇ ಕಾಯಿಲೆ ಇತ್ತು. ಈಗ ಚಾರ್ಮಾಡಿ ಇಳಿಯುವಾಗಲೂ ಒಂದು ಚೂರು ಅಲುಗಾಡಲ್ಲ.

ಲೇತ್ ಮೇಷ್ಟ್ರು, ಹಾಸನ
ಆಲ್ದೂರಿನವರೇ, ದಯವಿಟ್ಟು ಮೊದಲ ಹೆಜ್ಜೆಯಾಗಿ ಡ್ಯಾಂಪರ್ ಹಾಕಬೇಡಿ. ಡ್ಯಾಂಪರ್ ನಡುಕವನ್ನು ಮುಚ್ಚುತ್ತದೆ, ಕಾರಣ ಒಳಗೇ ಸವೆಯುತ್ತಾ ಇರುತ್ತದೆ. ಡ್ಯಾಂಪರ್‌ನ ಎಣ್ಣೆ ಸೋರಿ ಖಾಲಿಯಾದ ದಿನ ಹಳೇ ಸವೆತದ ಜೊತೆ ಹೊಸದೂ ಸೇರಿ ಒಟ್ಟಿಗೆ ಎದುರಾಗುತ್ತದೆ. ಅದು ಘಾಟಿಯಲ್ಲಿ ಆದರೆ?

ದುಡ್ಡು ಖರ್ಚಿಲ್ಲದ ಪರೀಕ್ಷೆ ಹೇಳುತ್ತೇನೆ. ಜೀಪನ್ನು ಸಮತಟ್ಟಾದ ಕಣದಲ್ಲಿ ನಿಲ್ಲಿಸಿ. ಚಕ್ರ ನೆಲದ ಮೇಲೇ ಇರಲಿ, ಜ್ಯಾಕ್ ಬೇಡ. ಎಂಜಿನ್ ಆಫ್, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಒಬ್ಬರು ಒಳಗೆ ಕೂತು ಸ್ಟೇರಿಂಗನ್ನು ಗಡಿಯಾರದ ಹನ್ನೊಂದರಿಂದ ಒಂದರವರೆಗೆ ಆಚೆ ಈಚೆ ಆಡಿಸುತ್ತಾ ಇರಲಿ. ನೀವು ಕೆಳಗೆ ಮಲಗಿ ಒಂದೊಂದು ಜಾಯಿಂಟ್ ಮೇಲೂ ಬೆರಳಿಟ್ಟು ನೋಡಿ. ಸ್ಟೇರಿಂಗ್ ಬಾಕ್ಸ್, ಅದರಿಂದ ಬರುವ ಸರಳು ಡ್ರ್ಯಾಗ್ ಲಿಂಕ್, ಅದು ತಿರುಗಿಸುವ ನಡುವಿನ ತೋಳು ಬೆಲ್ ಕ್ರ್ಯಾಂಕ್, ಆಮೇಲೆ ಅಲ್ಲಿಂದ ಚಕ್ರಗಳಿಗೆ ಹೋಗುವ ಟೈ ರಾಡ್‌ಗಳ ತುದಿಯ ಜಾಯಿಂಟ್, ಅಂದರೆ ಟೈ ರಾಡ್ ಎಂಡ್‌ಗಳು. ಯಾವ ಜಾಗದಲ್ಲಿ ಒಂದು ಭಾಗ ಹೊರಳಿ, ಅದರ ಪಕ್ಕದ್ದು ತಡವಾಗಿ ಹೊರಳುತ್ತದೋ ಅಲ್ಲಿ ಪ್ಲೇ, ಅಂದರೆ ಸಡಿಲ, ಇದೆ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಟಕ್ ಅಂತ ಗೊತ್ತಾಗುತ್ತದೆ.

ಆಮೇಲೆ ಜ್ಯಾಕ್ ಏರಿಸಿ. ಟೈರನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಪ್ಲೇ ಇದ್ದರೆ ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯೋಕೆ ಹೇಳಿ, ಮತ್ತೆ ಅಲುಗಾಡಿಸಿ. ಬ್ರೇಕ್ ಒತ್ತಿದಾಗ ಪ್ಲೇ ಮಾಯವಾದರೆ ವೀಲ್ ಬೇರಿಂಗ್. ಆಗಲೂ ಉಳಿದರೆ ಕಿಂಗ್ ಪಿನ್ ಬೇರಿಂಗ್. ಇಷ್ಟು ಮಾಡಿ ಇಲ್ಲಿ ಬರೆಯಿರಿ, ಮುಂದಿನದು ನೋಡೋಣ.

ಕೊಟ್ಟಿಗೆಹಾರ ಮಂಜು
ಮೇಷ್ಟ್ರೇ, ಲ್ಯಾಂಡ್ ರೋವರ್ ಡಿಫೆಂಡರ್‌ಗೆ, ಫೋಕ್ಸ್‌ವ್ಯಾಗನ್ ಬೀಟಲ್‌ಗೆ ಕಂಪನಿಯೇ ಡ್ಯಾಂಪರ್ ಹಾಕಿ ಕೊಡುತ್ತಿತ್ತು. ಅವರೆಲ್ಲಾ ದಡ್ಡರಾ?

ಲೇತ್ ಮೇಷ್ಟ್ರು, ಹಾಸನ
ಅಲ್ಲ. ಎಲ್ಲಾ ಜಾಯಿಂಟ್ ಬಿಗಿ ಇರುವ ಹೊಸ ಗಾಡಿಗೆ ಅವರು ಡ್ಯಾಂಪರ್ ಕೊಟ್ಟರು, ಕಲ್ಲು ಗುಂಡಿಯ ಒದೆ ಕೈಗೆ ಬರಬಾರದು ಅಂತ. ಸವೆದ ಗಾಡಿಗೆ ಔಷಧಿ ಅಂತ ಕೊಟ್ಟಿದ್ದಲ್ಲ. ಹಳೇ ಸೀರೀಸ್ ಲ್ಯಾಂಡ್ ರೋವರ್ ನೋಡಿ. ಅದರ ಮೇಲಿನ ಸ್ವಿವೆಲ್ ಪಿನ್‌ಗೆ (ಅಲ್ಲಿನ ಕಿಂಗ್ ಪಿನ್) ರೈಲ್ಕೋ ಬುಷ್ ಅಂತ ಒಂದು ಕೊಳವೆ ಇದೆ. ಆ ಬುಷ್‌ನ ಬಿಗಿತವೇ ನಡುಕ ತಡೆಯುವುದು. ಅದು ಸವೆದು ಸ್ವಿವೆಲ್ ಸಲೀಸಾಗಿ ತಿರುಗೋಕೆ ಶುರುವಾದರೆ ಅಲ್ಲೂ ಚಕ್ರ ಒದ್ದಾಡುತ್ತದೆ. ನಮ್ಮ ಜೀಪಿನಲ್ಲಿ ಆ ಕೆಲಸವನ್ನು ಕಿಂಗ್ ಪಿನ್ ಬೇರಿಂಗಿನ ಪ್ರೀಲೋಡ್ (ಕೂರಿಸುವಾಗಲೇ ಕೊಟ್ಟ ಬಿಗಿತ) ಮಾಡುತ್ತದೆ. ಕ್ಯಾಪ್ ಕೆಳಗಿನ ಶಿಮ್ (ತೆಳು ತಗಡು) ತೆಗೆದರೆ ಬಿಗಿ, ಸೇರಿಸಿದರೆ ಸಡಿಲ. ಟೈ ರಾಡ್ ಕಳಚಿ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು ನೋಡಬೇಕು. ನಮ್ಮ ಕಡೆ ಇದನ್ನು ಮಾಡುವವರೇ ಕಡಿಮೆ. ಬೇರಿಂಗ್ ಹಾಕಿ, ನಾಲ್ಕು ಬೋಲ್ಟ್ ಬಿಗಿ ಮಾಡಿ ಕಳಿಸಿಬಿಡುತ್ತಾರೆ.

ಬೇಲೂರು 4x4
ಎಲ್ಲರೂ ಬೇರಿಂಗ್ ಹಿಂದೆ ಬಿದ್ದಿದ್ದೀರಿ. ಟೈರ್ ನೋಡಿ ಸ್ವಾಮಿ! 6.00-16 ಟೈರಿನ ರಿಮ್ ಅಗಲ ಬರೀ 4.5 ಇಂಚು. ಕಿಂಗ್ ಪಿನ್ ಗೆರೆಯನ್ನು ಕೆಳಗೆ ಎಳೆದುಕೊಂಡು ಹೋದರೆ ಅದು ನೆಲ ಮುಟ್ಟುವ ಜಾಗ ಟೈರಿನ ನಡುವಿಗೆ ಹತ್ತಿರ ಇರಲಿ ಅಂತ ಲೆಕ್ಕ ಹಾಕಿ ಮಾಡಿದ್ದು. ಕಿಂಗ್ ಪಿನ್ 7.5 ಡಿಗ್ರಿ ಒಳಕ್ಕೆ ವಾಲಿರುವುದೂ ಅದಕ್ಕೇ. ಅಗಲದ ರಿಮ್ ಹಾಕಿ ಟೈರನ್ನು ಹೊರಕ್ಕೆ ತಳ್ಳಿದರೆ ಆ ಅಂತರ ಜಾಸ್ತಿ. ಗುಂಡಿಯ ಒಂದೊಂದು ಏಟಿಗೂ ಉದ್ದದ ಸನ್ನೆಕೋಲು ಸಿಕ್ಕಿದ ಹಾಗೆ. ಟೈ ರಾಡ್, ಬೆಲ್ ಕ್ರ್ಯಾಂಕ್ ಎಷ್ಟು ದಿನ ತಡೆದಾವು?

ಹಾನುಬಾಳು ಅಕ್ಕ
ಬೇಲೂರಿನವರ ಮಾತಿಗೆ ನನ್ನ ವೋಟು. ನಮ್ಮ ಜೀಪು ಇವತ್ತಿಗೂ ಸಣ್ಣ ಟೈರಿನಲ್ಲೇ ಓಡುತ್ತದೆ. ಕೆಸರಲ್ಲಿ ಸಣ್ಣ ಟೈರು ಕೊರೆದುಕೊಂಡು ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ಅಗಲದ್ದು ಕೆಸರಿನ ಮೇಲೆ ಜಾರುತ್ತದೆ. ನೋಡೋಕೆ ಚಂದ ಇರಬಹುದು, ತೋಟಕ್ಕೆ ಬೇಡ.

ಇನ್ನೊಂದು ವಿಷಯ ಯಾರೂ ಹೇಳಿಲ್ಲ. ಮಳೆಗಾಲ ಮುಗಿದ ಮೇಲೆ ನಕಲ್ ಹೌಸಿಂಗ್ (ಆಕ್ಸಲ್ ತುದಿಯಲ್ಲಿ ಕಿಂಗ್ ಪಿನ್ ಬೇರಿಂಗ್ ಇರುವ ಗೂಡು) ಬಿಚ್ಚಿಸಿ ನೋಡಿ. ಸಕಲೇಶಪುರದ ಮಳೆಯಲ್ಲಿ ಹಳ್ಳ ದಾಟಿ ದಾಟಿ ಫೆಲ್ಟ್ ಸೀಲ್ ಹೋಗಿರುತ್ತದೆ. ಒಳಗೆ ನೀರು ಸೇರಿ ಗ್ರೀಸ್ ಬೆಳ್ಳಗೆ ತೆಳ್ಳಗಾಗಿರುತ್ತದೆ. ನಮ್ಮದರಲ್ಲಿ ಕೆಳಗಿನ ಕಿಂಗ್ ಪಿನ್ ಬೇರಿಂಗ್ ತೆಗೆದಾಗ ರೋಲರ್ ಕೂತ ಕಡೆಯೆಲ್ಲಾ ಕಪ್ (ಬೇರಿಂಗಿನ ಹೊರ ಬಳೆ) ಮೇಲೆ ಗೆರೆ ಬಿದ್ದಿತ್ತು. ಬೆರಳಲ್ಲಿ ಸವರಿದರೆ ಮೆಟ್ಟಿಲು ಮೆಟ್ಟಿಲಾಗಿ ಸಿಗುತ್ತಿತ್ತು. ಸ್ಟೇರಿಂಗ್ ನೇರ ಇದ್ದಾಗ ಆ ಗೆರೆಯಲ್ಲೇ ಕೂರುವುದು, ಸ್ವಲ್ಪ ತಿರುಗಿಸಿದರೆ ಹತ್ತಿ ಇಳಿಯುವುದು.

ಆಲ್ದೂರು ಜೀಪು
ಅಕ್ಕಾ, ಥ್ಯಾಂಕ್ಸ್. ನಕಲ್ ಸೋರುತ್ತಿರುವುದು ನಮ್ಮದರಲ್ಲೂ ಉಂಟು, ಒಳಗೆ ಗ್ರೀಸ್ ಇರೋದಕ್ಕೆ ಸೋರುತ್ತೆ ಅಂತ ಮೆಕ್ಯಾನಿಕ್ ಹೇಳಿದ್ದರು! ಮೇಷ್ಟ್ರೇ, ಭಾನುವಾರ ನೀವು ಹೇಳಿದ ಪರೀಕ್ಷೆ ಮಾಡಿ ಹೇಳುತ್ತೇನೆ.

ಕಡೂರು ಅಲೈನ್‌ಮೆಂಟ್
ನನ್ನ ಕೆಲಸವೇ ಅಲೈನ್‌ಮೆಂಟ್. ಒಂದು ಮಾತು ಹೇಳಬೇಕು. ಈ ಗಟ್ಟಿ ಆಕ್ಸಲ್ ಜೀಪುಗಳಲ್ಲಿ ಯಂತ್ರದ ಮೇಲೆ ನಿಲ್ಲಿಸಿ ಸರಿ ಮಾಡೋಕೆ ಆಗುವುದು ಟೋ ಒಂದೇ, ಅಂದರೆ ಎರಡು ಚಕ್ರದ ಮುಂಭಾಗ ಒಂದಕ್ಕೊಂದು ಎಷ್ಟು ಒಳಕ್ಕೆ ತಿರುಗಿದೆ ಅನ್ನುವುದು. ಕ್ಯಾಂಬರ್ (ಚಕ್ರದ ತಲೆ ಪಕ್ಕಕ್ಕೆ ವಾಲಿರುವುದು), ಕ್ಯಾಸ್ಟರ್ (ಕಿಂಗ್ ಪಿನ್ ತಲೆ ಹಿಂದಕ್ಕೆ ವಾಲಿರುವುದು) ಎರಡಕ್ಕೂ ತಿರುಗಿಸುವ ನಟ್ ಇಲ್ಲ. ಯಂತ್ರದಲ್ಲಿ ಕೆಂಪು ಬಂದರೂ ಹುಡುಗರು ಟೋ ಹಸಿರು ಮಾಡಿ ಬಿಲ್ ಕೊಡುತ್ತಾರೆ. ಪ್ರಿಂಟ್ ಕೇಳಿ ಇಸ್ಕೊಳ್ಳಿ. ಕ್ಯಾಸ್ಟರ್ 3 ಡಿಗ್ರಿ, ಕ್ಯಾಂಬರ್ 1.5 ಡಿಗ್ರಿ ಇರಬೇಕು. ಟೋ ಇನ್ 3/64ರಿಂದ 3/32 ಇಂಚು, ಅಂದರೆ ಒಂದೂಕಾಲರಿಂದ ಎರಡೂವರೆ ಮಿ.ಮೀ. ಒಳಗೆ. ಹಳೇ ನೈಲಾನ್ ಟೈರಿಗೆ ಬರೆದ ಲೆಕ್ಕ ಇದು. ರೇಡಿಯಲ್ ಹಾಕಿದ್ದರೆ ಟೋ ಕಡಿಮೆ ಕಡೆಗೇ ಇರಲಿ.

ಎರಡು ಟೈ ರಾಡ್ ಇರುವ ಜೀಪಿಗೆ ಕ್ರಮ ಬೇರೆ. ಮೊದಲು ಬೆಲ್ ಕ್ರ್ಯಾಂಕ್ ತೋಳನ್ನು ಆಕ್ಸಲ್‌ಗೆ ನೇರ ಕೋನದಲ್ಲಿ ನಿಲ್ಲಿಸಬೇಕು. ಆಮೇಲೆ ಎಡ ಹಿಂದಿನ ಚಕ್ರಕ್ಕೆ ದಾರ ಹಿಡಿದು ಎಡ ಮುಂದಿನ ಚಕ್ರ ನೇರ ಮಾಡಬೇಕು. ಕಡೆಗೆ ಬಲ ಟೈ ರಾಡ್ ತಿರುಗಿಸಿ ಟೋ. ಸುಮ್ನೆ ಯಾವುದೋ ಒಂದು ರಾಡ್ ತಿರುಗಿಸಿ ಟೋ ಕೂರಿಸಿದರೆ ಒಂದು ಕಡೆ ಜಾಸ್ತಿ ತಿರುಗುತ್ತದೆ, ಇನ್ನೊಂದು ಕಡೆ ಕಡಿಮೆ.

ಕೊಟ್ಟಿಗೆಹಾರ ಮಂಜು
ಕ್ಯಾಸ್ಟರ್ ಅಂದ್ರೆ ಏನು ಅಂತ ಯಾರಾದ್ರೂ ನಮ್ಮಂಥವರಿಗೆ ಅರ್ಥ ಆಗೋ ಹಾಗೆ ಹೇಳಿ. ಎಲ್ಲರೂ ಡಿಗ್ರಿ ಡಿಗ್ರಿ ಅಂತೀರಿ.

ಫಿಸಿಕ್ಸ್ ಮೇಡಂ, ಹಾಸನ
ಸೈಕಲ್‌ನ ಮುಂದಿನ ಫೋರ್ಕ್ ನೋಡಿ ಮಂಜು. ನೆಟ್ಟಗಿಲ್ಲ, ಮೇಲಿನ ತುದಿ ಸವಾರನ ಕಡೆ ವಾಲಿದೆ. ಆ ಗೆರೆ ನೆಲ ಮುಟ್ಟುವ ಜಾಗ ಟೈರು ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ಇರುತ್ತದೆ. ಹಾಗಾಗಿ ಟೈರು ಯಾವಾಗಲೂ ಗೆರೆಯ ಹಿಂದೆ ಎಳೆದುಕೊಂಡು ಬರುತ್ತದೆ, ತಾನಾಗಿ ನೇರ ಆಗುತ್ತದೆ. ಕೈ ಬಿಟ್ಟು ಸೈಕಲ್ ಹೊಡೆಯೋಕೆ ಆಗುವುದಕ್ಕೆ ಅದೂ ಒಂದು ಕಾರಣ. ಜೀಪಿನಲ್ಲಿ ಫೋರ್ಕ್ ಬದಲು ಕಿಂಗ್ ಪಿನ್. ಅದರ ತಲೆ ಹಿಂದಕ್ಕೆ ವಾಲಿರಬೇಕು. ತಲೆ ನೆಟ್ಟಗಾದರೆ ಅಥವಾ ಮುಂದಕ್ಕೆ ವಾಲಿದರೆ ಚಕ್ರಕ್ಕೆ ನೇರ ಬರುವ ಮನಸ್ಸೇ ಇರುವುದಿಲ್ಲ.

ತಿರುವಿನ ಲೆಕ್ಕ ಇನ್ನೂ ಚಂದ. ತಿರುವಿನಲ್ಲಿ ಒಳಗಿನ ಚಕ್ರ ಸಣ್ಣ ವೃತ್ತದಲ್ಲಿ ಹೋಗಬೇಕು, ಹೊರಗಿನದು ದೊಡ್ಡ ವೃತ್ತದಲ್ಲಿ. ಎರಡೂ ಒಂದೇ ಕೋನ ತಿರುಗಿದರೆ ಒಂದು ಟೈರು ಉಜ್ಜುತ್ತದೆ. ಇದಕ್ಕೆ ಪರಿಹಾರ ಕಂಡುಹಿಡಿದವರು ಮ್ಯೂನಿಕ್‌ನ ಗಾಡಿ ತಯಾರಕ ಲಾಂಕೆನ್‌ಸ್ಪರ್ಗರ್, 1817ರಲ್ಲಿ, ಕುದುರೆ ಗಾಡಿಗೆ! ಇಂಗ್ಲೆಂಡಿನಲ್ಲಿ ಅವರ ಏಜೆಂಟ್ ಆಗಿದ್ದ ಆಕರ್ಮನ್ 1818ರಲ್ಲಿ ಪೇಟೆಂಟ್ ಮಾಡಿಸಿದರು. ಹೆಸರು ಏಜೆಂಟ್‌ಗೆ ಉಳಿಯಿತು. ಕಿಂಗ್ ಪಿನ್‌ನಿಂದ ಟೈ ರಾಡ್ ಎಂಡ್ ಮೂಲಕ ಒಂದೊಂದು ಗೆರೆ ಎಳೆದರೆ ಎರಡೂ ಸುಮಾರಾಗಿ ಹಿಂದಿನ ಆಕ್ಸಲ್ ನಡುವೆ ಸೇರಬೇಕು.

ಅಂಬಿ ಅರಸೀಕೆರೆ
ಇಷ್ಟೆಲ್ಲಾ ಗೋಳು ಜೀಪಿನವರಿಗೆ ಮಾತ್ರ. ನಮ್ಮ ಅಂಬಾಸಿಡರ್ ನೋಡಿ, ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಡಿಸೈನು. ರ‍್ಯಾಕ್ ಅಂಡ್ ಪಿನಿಯನ್ ಸ್ಟೇರಿಂಗ್ (ಹಲ್ಲಿನ ಸರಳು, ಸಣ್ಣ ಗೇರ್), ಮುಂದೆ ಸ್ಪ್ರಿಂಗ್ ಬದಲು ತಿರುಚಿಕೊಳ್ಳುವ ಸರಳು, ಟಾರ್ಷನ್ ಬಾರ್. ಬೆಲ್ ಕ್ರ್ಯಾಂಕ್ ಇಲ್ಲ, ಡ್ರ್ಯಾಗ್ ಲಿಂಕ್ ಇಲ್ಲ. 2014ರವರೆಗೂ ಉತ್ತರಪಾರಾದಲ್ಲಿ ಮಾಡಿದರು. ಸುಮ್ನೆ ಮಾಡಿದ್ರಾ?

ಲೇತ್ ಮೇಷ್ಟ್ರು, ಹಾಸನ
ಅಂಬಿಯವರೇ, ಗಾಡಿ ಒಳ್ಳೇದೇ. ಆದರೆ ಟಾರ್ಷನ್ ಬಾರ್ ಇಳಿದು ಒಂದು ಕಡೆ ಕುಗ್ಗಿರುವ ಅಂಬಾಸಿಡರ್‌ಗಳು ಎಷ್ಟು ಬೇಕು? ಮುಂದಿನ ಎತ್ತರ ಸರಿ ಮಾಡದೆ ಟೋ ಹೊಂದಿಸುವುದು ವ್ಯರ್ಥ. ಎತ್ತರ ಬದಲಾದರೆ ತೋಳುಗಳ ಕೋನ ಬದಲಾಗುತ್ತದೆ, ಟೋ ಕೂಡ ಬದಲಾಗುತ್ತದೆ.

ಹೆರಾಲ್ಡ್ ಹಾಸನ
ಮುಂದಿನ ಭಾಗದ ಮಾತು ಬಂದಿದೆ, ಹಾಗಾಗಿ ಸ್ಟ್ಯಾಂಡರ್ಡ್ ಹೆರಾಲ್ಡ್ ಇಟ್ಟುಕೊಂಡಿರುವವರಿಗೆ ಒಂದು ಎಚ್ಚರಿಕೆ. ಮುಂದಿನ ಚಕ್ರ ತಿರುಗುವ ಕೆಳಗಿನ ಜಾಯಿಂಟ್, ಅಂದರೆ ಟ್ರನಿಯನ್‌ಗೆ ಗ್ರೀಸ್ ಹಾಕಬೇಡಿ. ಗೇರ್ ಎಣ್ಣೆ, ಇಪಿ 90. ಲಂಬ ದಂಡದ ತುದಿಯಲ್ಲಿ ಮರೆ (ಸ್ಕ್ರೂ ಥ್ರೆಡ್) ಇದೆ, ಅದು ಹಿತ್ತಾಳೆ ಬಣ್ಣದ ಟ್ರನಿಯನ್ ಒಳಗೆ ತಿರುಗುತ್ತದೆ. ಗ್ರೀಸ್ ಅಲ್ಲಿ ಒಣಗಿ ಗಟ್ಟಿಯಾಗುತ್ತದೆ, ನೀರು ಸೇರುತ್ತದೆ, ಮರೆಯ ಹತ್ತಿರ ತುಕ್ಕು ಹಿಡಿದು ದಂಡ ಮುರಿಯುತ್ತದೆ. ಮುರಿದರೆ ಚಕ್ರ ಮಡಚಿಕೊಂಡು ಬೀಳುತ್ತದೆ. ಸಾಮಾನ್ಯವಾಗಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಹೋಗುವಾಗ ಆಗುತ್ತದೆ, ಅದೊಂದು ಪುಣ್ಯ.

ಅಂಬಿ ಅರಸೀಕೆರೆ
ತಪ್ಪು. ನನ್ನ ಭಾವನ ಮೋರಿಸ್ ಮೈನರ್‌ಗೂ ಟ್ರನಿಯನ್ ಇದೆ. ಅದಕ್ಕೆ ಗ್ರೀಸ್ ಗನ್ನಲ್ಲಿ ಗ್ರೀಸೇ ಹೊಡೆಯಬೇಕು.

ಹೆರಾಲ್ಡ್ ಹಾಸನ
ಮೈನರ್‌ಗೆ ಗ್ರೀಸ್ ಸರಿ, ಹೆರಾಲ್ಡ್‌ಗೆ ಎಣ್ಣೆ ಸರಿ. ಎರಡೂ ಬೇರೆ ಬೇರೆ ಕಂಪನಿಯ ಬೇರೆ ಬೇರೆ ಡಿಸೈನು. ಒಂದರ ಕೈಪಿಡಿ ಇನ್ನೊಂದಕ್ಕೆ ನಡೆಯಲ್ಲ. ಹೆರಾಲ್ಡ್‌ನಲ್ಲಿ ಒಂದು ಕಡೆ ಬಲ ಮರೆ, ಇನ್ನೊಂದು ಕಡೆ ಎಡ ಮರೆ. ಟ್ರನಿಯನ್ ಹಾಕುವಾಗ ಪೂರ್ತಿ ಬಿಗಿ ಕೂರಿಸಬಾರದು, ಸ್ವಲ್ಪ ಹಿಂದಕ್ಕೆ ಬಿಡಿಸಬೇಕು. ಇಲ್ಲದಿದ್ದರೆ ಪೂರ್ತಿ ತಿರುಗಿಸಿದಾಗ ಮರೆ ತಳ ಮುಟ್ಟಿ ಒತ್ತಡ ಬೀಳುತ್ತದೆ.

ಬೇಲೂರು 4x4
ಹೆರಾಲ್ಡ್ 25 ಅಡಿ ವೃತ್ತದಲ್ಲಿ ತಿರುಗುತ್ತೆ ಅಂತಾರಲ್ಲ, ನಿಜವಾ?

ಹೆರಾಲ್ಡ್ ಹಾಸನ
ನಿಜ. ನಮ್ಮ ಬೀದಿಯಲ್ಲಿ ರಿವರ್ಸ್ ಹಾಕದೇ ತಿರುಗಿಸುತ್ತೇನೆ.

ಆಲ್ದೂರು ಜೀಪು
ಪರೀಕ್ಷೆ ಮಾಡಿದೆ. ತಮ್ಮ ಸ್ಟೇರಿಂಗ್ ಆಡಿಸಿದ, ನಾನು ಕೆಳಗೆ ಮಲಗಿದ್ದೆ.

ಡ್ರ್ಯಾಗ್ ಲಿಂಕ್ ಬಿಗಿ ಇದೆ. ಟೈ ರಾಡ್ ಎಂಡ್ ನಾಲ್ಕೂ ಪರವಾಗಿಲ್ಲ. ಬೆಲ್ ಕ್ರ್ಯಾಂಕ್ ಮಾತ್ರ ಪಿನ್ ಮೇಲೆ ಎದ್ದು ಕಾಣುವಷ್ಟು ಅಲ್ಲಾಡುತ್ತದೆ. ಮುಂದಕ್ಕೆ ಒಮ್ಮೆ ವಾಲಿ, ಆಮೇಲೆ ತಿರುಗುತ್ತದೆ. ಬಲ ಚಕ್ರಕ್ಕೆ ಬ್ರೇಕ್ ಒತ್ತಿದಾಗಲೂ ಸ್ವಲ್ಪ ಪ್ಲೇ ಉಳಿಯುತ್ತದೆ. ಅಂದರೆ ಕಿಂಗ್ ಪಿನ್.

ಇನ್ನೊಂದು. ಆಕ್ಸಲ್ ಮತ್ತು ಸ್ಪ್ರಿಂಗ್ ಪ್ಲೇಟ್ ನಡುವೆ ಕಬ್ಬಿಣದ ಬೆಣೆ ಇದೆ, ಎರಡೂ ಕಡೆ. ಪ್ಲೇಟ್ ಬದಲಿಸಿದ ವರ್ಕ್‌ಶಾಪ್‌ನವರು ಹಾಕಿದ್ದಿರಬೇಕು. ಕಿಂಗ್ ಪಿನ್ ಮೇಲಿನ ಕ್ಯಾಪ್ ಮೇಲೆ ಡಿಗ್ರಿ ಅಳೆಯುವ ಸಾಧನ ಇಟ್ಟು ನೋಡಿದೆ. ಹೆಚ್ಚುಕಡಿಮೆ ಸೊನ್ನೆ ತೋರಿಸುತ್ತಿದೆ.

ಕಡೂರು ಅಲೈನ್‌ಮೆಂಟ್
ಸಿಕ್ಕಿತು ನೋಡಿ! ಕ್ಯಾಸ್ಟರ್ ಹೊಂದಿಸುವ ಬೆಣೆ ಹಿಂದುಮುಂದಾಗಿದೆ. ಬೆಣೆ ತಿರುಗಿಸಿದರೆ ಅದೇ ಡಿಗ್ರಿ ಆ ಕಡೆಯಿಂದ ಈ ಕಡೆಗೆ ಬರುತ್ತದೆ. ಯು ಬೋಲ್ಟ್ ಬಿಗಿ ಮಾಡಿ, ಗಾಡಿಯ ಭಾರ ಸ್ಪ್ರಿಂಗ್ ಮೇಲೆ ಕೂತ ಮೇಲೆ ಮತ್ತೆ ಅಳೆಯಿರಿ. ಬೆಣೆ ಜಾರದಂತೆ ನಡುವಿನ ಬೋಲ್ಟ್ ಅದರ ತೂತಿನಲ್ಲೇ ಹಾದು ಹೋಗಬೇಕು.

ಬೇಲೂರು 4x4
ಬೆಣೆ ಹಾಕುವ ಮೊದಲು ಶ್ಯಾಕಲ್ (ಸ್ಪ್ರಿಂಗ್ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಅಳತೆಯನ್ನೂ ನೋಡಿ. ಗಾಡಿ ಎತ್ತರ ಕಾಣಲಿ ಅಂತ ಉದ್ದದ ಶ್ಯಾಕಲ್ ಹಾಕಿದ್ದರೆ ಸ್ಪ್ರಿಂಗ್ ವಾಲುತ್ತದೆ, ಜೊತೆಗೆ ಆಕ್ಸಲ್ ಕೂಡ. ಡ್ರ್ಯಾಗ್ ಲಿಂಕ್ ಇಳಿಜಾರಾಗಿ ಗುಂಡಿಗೆ ಇಳಿದಾಗೆಲ್ಲಾ ಸ್ಟೇರಿಂಗ್ ತಾನೇ ತಿರುಗುತ್ತದೆ.

ಲೇತ್ ಮೇಷ್ಟ್ರು, ಹಾಸನ
ಬೆಲ್ ಕ್ರ್ಯಾಂಕ್ ಬಿಚ್ಚಿ ತನ್ನಿ. ಪಿನ್ ಹೊಸದು ಹಾಕೋಣ, ನೀಡಲ್ ಬೇರಿಂಗ್ ಬದಲು ಗನ್‌ಮೆಟಲ್ ಬುಷ್ ಕೂರಿಸಿ ರೀಮ್ ಮಾಡಿಕೊಡುತ್ತೇನೆ. ನಮ್ಮ ಕೆಸರು ಧೂಳಿಗೆ ಬುಷ್ ತಡೆಯುತ್ತದೆ. ಗಾಡಿಯಲ್ಲಿ ಬ್ರಾಕೆಟ್ ಕೂರುವ ಕ್ರಾಸ್ ಮೆಂಬರ್ ಒರೆಸಿ, ರಿವೆಟ್ ಸುತ್ತ ಬಿರುಕು ಇದೆಯಾ ನೋಡಿ. ಬ್ರಾಕೆಟ್ಟೇ ಅಲುಗಾಡಿದರೆ ಬುಷ್ ಹಾಕಿ ಏನು ಪ್ರಯೋಜನ?

ಹಾನುಬಾಳು ಅಕ್ಕ
ನೀಡಲ್ ಬೇರಿಂಗೇ ಇರಲಿ ಮೇಷ್ಟ್ರೇ. ವಾರಕ್ಕೊಮ್ಮೆ ಗ್ರೀಸ್ ಹೊಡೆದರೆ ಅದು ಹಗುರ ತಿರುಗುತ್ತದೆ. ನಮ್ಮ ಡ್ರೈವರ್‌ಗೆ ವಯಸ್ಸಾಗಿದೆ, ಬುಷ್ ಹಾಕಿಸಿದ್ದಾಗ ಕೈ ನೋವು ಅಂತಿದ್ದರು.

ಲೇತ್ ಮೇಷ್ಟ್ರು, ಹಾಸನ
ವಾರಕ್ಕೊಮ್ಮೆ ಗ್ರೀಸ್ ಹೊಡೆಯುವ ಮನೆ ನಿಮ್ಮದು ಅಕ್ಕಾ. ಎಲ್ಲರೂ ಹಾಗಿದ್ದರೆ ನನ್ನ ಲೇತ್ ಅರ್ಧ ದಿನ ನಿಲ್ಲಿಸಬೇಕಿತ್ತು. ಗ್ರೀಸ್ ನೆನಪಿಡುವವರಿಗೆ ನೀಡಲ್ ಬೇರಿಂಗ್, ಮಿಕ್ಕವರಿಗೆ ಬುಷ್.

ಗಿರಿ ಹುಡುಗ 18
ಅಣ್ಣಂದಿರಾ, ವಿಷಯ ಸ್ವಲ್ಪ ಬದಲಾಯಿಸ್ತೀನಿ. ನಮ್ಮ ದೊಡ್ಡಪ್ಪನ ಗೋಡೌನ್‌ನಲ್ಲಿ ಹಳೇ ಫೋರ್ಡ್‌ನ ಮುಂದಿನ ಆಕ್ಸಲ್ ಬಿದ್ದಿದೆ, ಅಡ್ಡ ಸ್ಪ್ರಿಂಗ್ ಸಮೇತ. ಅಮೆರಿಕದವರ ಥರ ಹಾಟ್ ರಾಡ್ (ಹಳೇ ಕಾರನ್ನು ಬದಲಾಯಿಸಿ ಕಟ್ಟಿದ ಗಾಡಿ) ಕಟ್ಟೋ ಆಸೆ. ಟೈ ರಾಡ್ ಆಕ್ಸಲ್ ಮುಂದಕ್ಕೆ ತಂದರೆ ನೋಡೋಕೆ ಸಖತ್ ಆಗಿರುತ್ತೆ. ತರಬಹುದಾ?

ಫಿಸಿಕ್ಸ್ ಮೇಡಂ, ಹಾಸನ
ತೋಳುಗಳನ್ನು ಹಾಗೇ ಮುಂದಕ್ಕೆ ತಿರುಗಿಸಿದರೆ ಆಕರ್ಮನ್ ಉಲ್ಟಾ ಆಗುತ್ತದೆ ಮರಿ. ಟೈ ರಾಡ್ ಹಿಂದೆ ಇದ್ದಾಗ ತೋಳು ಒಳಕ್ಕೆ ವಾಲಿರುತ್ತವೆ. ಮುಂದೆ ತಂದರೆ ಹೊರಕ್ಕೆ, ಚಕ್ರದ ಕಡೆಗೆ ವಾಲಬೇಕು. ಅಲ್ಲಿ ಬ್ರೇಕ್ ಡ್ರಮ್ ಅಡ್ಡ ಬರುತ್ತದೆ. ಅದಕ್ಕೇ ಎಷ್ಟೋ ಹಾಟ್ ರಾಡ್‌ಗಳು ತಿರುವಿನಲ್ಲಿ ಟೈರ್ ಉಜ್ಜುತ್ತವೆ.

ಬೇಲೂರು 4x4
ಫೋರ್ಡ್‌ನವರು 1948ರ ಮಾಡೆಲ್‌ವರೆಗೂ ಆ ಅಡ್ಡ ಸ್ಪ್ರಿಂಗ್ ಬಿಡಲಿಲ್ಲ. ಮೂಲದಲ್ಲಿ ಆಕ್ಸಲ್ ಎರಡೂ ತುದಿಯಿಂದ ಬರುವ ಸರಳುಗಳು ಹಿಂದೆ ನಡುವಿನಲ್ಲಿ ಒಂದೇ ಬಾಲ್ ಜಾಯಿಂಟ್‌ಗೆ ಸೇರುತ್ತವೆ. ಹಾಟ್ ರಾಡ್ ಕಟ್ಟುವವರು ಅದನ್ನು ಸೀಳಿ ಚಾಸಿಯ ಎರಡು ಕಡೆ ಕೂರಿಸುತ್ತಾರೆ. ಹಳೇ ಐ ಬೀಮ್ ಆಕ್ಸಲ್ ತಿರುಚಿಕೊಳ್ಳುವುದರಿಂದ ನಡೆಯುತ್ತದೆ. ಪೈಪ್ ಆಕ್ಸಲ್‌ಗೆ ಹಾಗೆ ಮಾಡಬಾರದು, ಅದು ತಿರುಚುವುದಿಲ್ಲ, ಬ್ರಾಕೆಟ್ ಕಿತ್ತು ಬರುತ್ತದೆ.

ಅಮೆರಿಕದವರು ಷೆವರ್ಲೆ ವೆಗಾ ಕಾರಿನ ಸ್ಟೇರಿಂಗ್ ಬಾಕ್ಸ್ ಹಾಕುತ್ತಾರೆ. ಅದು ಎಡಗಡೆ ಸ್ಟೇರಿಂಗ್‌ಗೆ ಮಾಡಿದ್ದು. ನಮ್ಮ ಬಲಗಡೆಗೆ ತಲೆಕೆಳಗು ಮಾಡಿ ಕೂರಿಸಿದರೆ ಬಲಕ್ಕೆ ತಿರುಗಿಸಿದಾಗ ಎಡಕ್ಕೆ ಹೋಗುವ ಗಾಡಿ ಆಗಬಹುದು. ಹುಷಾರು.

ಸಕಲೇಶಪುರ 46
ಕಟ್ಟುವ ಮೊದಲು ಕಾನೂನು ನೋಡಿಕೊಳ್ಳಿ ತಮ್ಮಾ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೂ ಹೇಳಿದೆ. ಹಳೇ ಗಾಡಿಯನ್ನು ಇದ್ದ ಹಾಗೇ ಉಳಿಸಿಕೊಂಡರೆ ಬೇರೆ ದಾರಿ ಇದೆ. 2021ರ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ, ನಂಬರಿನಲ್ಲಿ ವಿಎ ಅಂತ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ನಡೆಯುತ್ತದೆ. ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು.

ಗಿರಿ ಹುಡುಗ 18
ಅಂದ್ರೆ ವಿಎ ನಂಬರ್ ಹಾಕಿಸಿ ದಿನಾ ಓಡಿಸಬಹುದಾ?

ಸಕಲೇಶಪುರ 46
ಇಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ಪೆಟ್ರೋಲ್, ರಿಪೇರಿ ಇಂಥದ್ದಕ್ಕೆ ಮಾತ್ರ. ತೋಟದ ಜೀಪಿನವರು ಅದಕ್ಕೆ ಹೋಗಬೇಡಿ, ಕಾಫಿ ಮೂಟೆ ಸಾಗಿಸೋಕೆ ಆಗಲ್ಲ.

ಆಲ್ದೂರು ಜೀಪು
ಕೆಲಸ ಮುಗಿಯಿತು. ಬೆಲ್ ಕ್ರ್ಯಾಂಕ್‌ಗೆ ಬುಷ್, ಬಲ ಕಿಂಗ್ ಪಿನ್ ಬೇರಿಂಗ್, ಬೆಣೆ ತಿರುಗಿಸಿದ್ದು, ಹಳೇ 16 ಇಂಚಿನ ರಿಮ್ ವಾಪಸ್. ಕ್ಯಾಸ್ಟರ್ ಈಗ 3ರ ಹತ್ತಿರ. ತಿರುವಿನಿಂದ ಸ್ಟೇರಿಂಗ್ ತಾನೇ ನೇರಕ್ಕೆ ಬರುತ್ತಿದೆ. ಅದೇ ಗುಂಡಿಯ ಮೇಲೆ 60ರಲ್ಲಿ ಹೋದೆ, ನಡುಕ ಇಲ್ಲ.

ಕೊಟ್ಟಿಗೆಹಾರ ಮಂಜು
ನಾಲ್ಕು ಕೆಲಸ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿ ಹೋಯ್ತು ಅಂತ ಹೇಗೆ ಗೊತ್ತಾಗುತ್ತೆ?

ಲೇತ್ ಮೇಷ್ಟ್ರು, ಹಾಸನ
ಒಳ್ಳೇ ಪ್ರಶ್ನೆ. ನಡುಕ ಶುರುವಾಗೋಕೆ ಒಂದು ಏಟು ಬೇಕು, ಅದು ಗುಂಡಿ. ಬೆಳೆಯೋಕೆ ಸಡಿಲ ಬೇಕು, ಅದು ಬೆಲ್ ಕ್ರ್ಯಾಂಕ್, ಕಿಂಗ್ ಪಿನ್. ಚಕ್ರ ತಾನೇ ನೇರ ಬರದಿದ್ದರೆ ಅದು ನಿಲ್ಲುವುದಿಲ್ಲ, ಅದು ಕ್ಯಾಸ್ಟರ್. ಅಗಲದ ರಿಮ್ ಎಲ್ಲಾ ಏಟನ್ನೂ ದೊಡ್ಡದು ಮಾಡುತ್ತದೆ. ಒಂದನ್ನೇ ಸರಿ ಮಾಡಿ ಉಳಿದದ್ದು ಬಿಟ್ಟಿದ್ದರೆ ನಡುಕ 50ರ ಬದಲು 60ಕ್ಕೆ ಬರುತ್ತಿತ್ತು. ನಿಮ್ಮ ಜೀಪಿನ ಡ್ಯಾಂಪರ್ ಕಳಚಿ ಒಮ್ಮೆ ಇದೇ ಪರೀಕ್ಷೆ ಮಾಡಿ ಮಂಜು. ಘಾಟಿಗೆ ಒಯ್ಯಬೇಡಿ, ಮನೆ ಮುಂದೆ ನಿಲ್ಲಿಸಿಯೇ ನೋಡಿ. ಬಿಚ್ಚಿದ ಕಡೆಯೆಲ್ಲಾ ಹೊಸ ಸ್ಪ್ಲಿಟ್ ಪಿನ್ ಹಾಕಿ. ಬಾಗಿದ ಟೈ ರಾಡ್ ಅಥವಾ ತೋಳು ಕಂಡರೆ ಕಾಯಿಸಿ ನೇರ ಮಾಡುವುದು, ವೆಲ್ಡ್ ಮಾಡುವುದು ಬೇಡವೇ ಬೇಡ. ಹೊಸದೇ ಹಾಕಿ.

ಕೊಟ್ಟಿಗೆಹಾರ ಮಂಜು
ಆಯ್ತು, ಶನಿವಾರ ಕಳಚುತ್ತೇನೆ. ಟೈ ರಾಡ್ ಎಂಡ್ ಸೆಟ್ ಹಾಸನದಲ್ಲಿ ಸಿಗುತ್ತಾ, ಬೆಂಗಳೂರಿನ ಜೆ.ಸಿ. ರಸ್ತೆಗೇ ಹೋಗಬೇಕಾ?

ಲೇತ್ ಮೇಷ್ಟ್ರು, ಹಾಸನ
ಹಾಸನದಲ್ಲೇ ಸಿಗುತ್ತದೆ. ಹಳೇದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಎಡ ಮರೆ, ಬಲ ಮರೆ ಎರಡೂ ಹೊಂದಿಸಿ ನೋಡದೆ ದುಡ್ಡು ಕೊಡಬೇಡಿ.